ಮಾತ್ರೆ ಫ್ರೀ ಇದೆ, ದಾರಿಗೆ ದುಡ್ಡಿಲ್ಲ

ಎಲ್ಲರಿಗೂ ನಮಸ್ಕಾರ. ಕೆನಡಾದ ಸಾಸ್ಕಾಚೆವಾನ್‌ನಲ್ಲಿ ಇರುವ ನಾವು ಕೆಲವು ಕನ್ನಡದವರು ಸೇರಿ ನಡೆಸುವ ಸಣ್ಣ ಟ್ರಸ್ಟ್‌ನಿಂದ ಈ ಮನವಿ: ಎಚ್‌ಐವಿ ಇರುವ ಇಲ್ಲಿನ ಮೂಲನಿವಾಸಿಗಳು ಚಿಕಿತ್ಸೆಗೆ ಹೋಗಿಬರಲು ಸ್ವಲ್ಪ ದುಡ್ಡು ಬೇಕು. ಹಬ್ಬಕ್ಕೆ ಚಂದಾ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಎಚ್‌ಐವಿ ಅಂದ ಕೂಡಲೇ ಮಾತು ಬೇರೆ ಕಡೆ ಹೊರಳುತ್ತದೆ, ಅಲ್ವಾ? ಗೊತ್ತಿದ್ದೇ ಕೇಳುತ್ತಿದ್ದೇವೆ.

ಕೆನಡಾದ ಜನಸಂಖ್ಯೆಯಲ್ಲಿ ಮೂಲನಿವಾಸಿಗಳು ಶೇ. 5ರಷ್ಟು. ಹೊಸದಾಗಿ ಎಚ್‌ಐವಿ ಪತ್ತೆಯಾಗುವವರಲ್ಲಿ ಮಾತ್ರ ಅವರ ಪಾಲು ಅದಕ್ಕಿಂತ ಎಷ್ಟೋ ಜಾಸ್ತಿ. ನಮ್ಮ ಪ್ರಾಂತ್ಯವಂತೂ ವರ್ಷಗಳಿಂದ ಎಚ್‌ಐವಿ ಪ್ರಮಾಣ ಹೆಚ್ಚಿರುವ ಪ್ರಾಂತ್ಯಗಳ ಪಟ್ಟಿಯ ಮೇಲ್ತುದಿಯಲ್ಲೇ ಇದೆ. ಇಲ್ಲಿ ಸೋಂಕು ಹೆಚ್ಚಾಗಿ ಹರಡುವುದು ಡ್ರಗ್ಸ್ ಸೂಜಿ ಹಂಚಿಕೊಳ್ಳುವುದರಿಂದ. ಅವರದೇ ತಪ್ಪು ಅಂತ ಸುಮ್ನೆ ಹೇಳಿಬಿಡುವವರಿಗೆ ಒಂದು ಮಾತು: ಈ ಮೂಲನಿವಾಸಿಗಳ ಮಕ್ಕಳನ್ನು ಮನೆಯಿಂದ ಎಳೆದೊಯ್ದು ಭಾಷೆ ಮರೆಸಿದ ಸರ್ಕಾರಿ ವಸತಿ ಶಾಲೆಗಳಲ್ಲಿ ಕೊನೆಯವು ಮುಚ್ಚಿದ್ದು 1990ರ ದಶಕದಲ್ಲಿ. ಅಲ್ಲಿ ಓದಿದವರು ಇನ್ನೂ ಬದುಕಿದ್ದಾರೆ. ಸರ್ಕಾರಿ ಕಟ್ಟಡದೊಳಗೆ ಕಾಲಿಡಲು ಅವರು ಹಿಂಜರಿದರೆ ಆಶ್ಚರ್ಯವೇನಿದೆ?

ಪರೀಕ್ಷೆ ಸುಲಭ. ಬೆರಳ ತುದಿ ಚುಚ್ಚಿ, ಒಂದು ಹನಿ ರಕ್ತವನ್ನು ದ್ರಾವಣಕ್ಕೆ ಬೆರೆಸಿ ಪುಟ್ಟ ಬಟ್ಟಲಿಗೆ ಸುರಿದರೆ ಒಂದೇ ನಿಮಿಷದಲ್ಲಿ ಉತ್ತರ ಬರುತ್ತದೆ. ಒಂದು ನೀಲಿ ಚುಕ್ಕೆ ಕಂಡರೆ ನೆಗೆಟಿವ್. ಎರಡು ಕಂಡರೆ ಲ್ಯಾಬ್‌ನಲ್ಲಿ ಖಚಿತ ಮಾಡಿಕೊಳ್ಳಬೇಕು. ಮನೆಯಲ್ಲೇ ಮಾಡಿಕೊಳ್ಳುವ ಈ ಕಿಟ್‌ಗೆ 2020ರಲ್ಲಿ ಅನುಮತಿ ಸಿಕ್ಕಿದೆ. ಸೋಂಕು ತಗುಲಿ ಮೂರು ತಿಂಗಳಾಗುವ ಮೊದಲು ಮಾಡಿಕೊಂಡರೆ ಸೋಂಕಿದ್ದರೂ ಕಾಣದೆ ಹೋಗಬಹುದು, ಆಗ ಮತ್ತೆ ಮಾಡಿಸಬೇಕು.

ತೊಂದರೆ ಶುರುವಾಗುವುದು ಎರಡನೇ ಚುಕ್ಕೆ ಕಂಡ ಮೇಲೆ. 2018ರಿಂದ ಈ ಪ್ರಾಂತ್ಯದಲ್ಲಿ ಎಚ್‌ಐವಿ ಔಷಧಿ ಪೂರ್ತಿ ಉಚಿತ, ಮಾತ್ರೆಗೆ ನಿಮ್ಮ ದುಡ್ಡು ಬೇಡ. ಆದರೆ ತಜ್ಞ ವೈದ್ಯರು ಇರುವುದು ಸಾಸ್ಕಾಟೂನ್, ರಿಜೈನಾದಂಥ ಊರುಗಳಲ್ಲಿ. ಉತ್ತರದ ರಿಸರ್ವ್‌ಗಳಿಂದ (ಮೂಲನಿವಾಸಿಗಳಿಗೆಂದು ಮೀಸಲಿಟ್ಟ ಪ್ರದೇಶಗಳು) ಅಲ್ಲಿಗೆ ಗಂಟೆಗಟ್ಟಲೆ ದಾರಿ, ಅದೂ ಮೈನಸ್ 30ರ ಚಳಿಯಲ್ಲಿ. ಪ್ರಯಾಣಕ್ಕೆ ಸರ್ಕಾರದ ನೆರವು ಇದೆ, ಆದರೆ ಮೊದಲೇ ಅನುಮತಿ ಪಡೆದಿರಬೇಕು. ಫೋನ್ ರೀಚಾರ್ಜ್ ಮುಗಿದಿದ್ದರೆ ನರ್ಸ್ ರಿಸಲ್ಟ್ ಹೇಳುವುದಾದರೂ ಹೇಗೆ? ಮಗುವನ್ನು ಯಾರ ಹತ್ತಿರ ಬಿಟ್ಟು ಹೋಗುವುದು? ಹೀಗೇ ಒಂದು ಅಪಾಯಿಂಟ್‌ಮೆಂಟ್ ತಪ್ಪುತ್ತದೆ, ಆಮೇಲೆ ಇನ್ನೊಂದು.

ದಿನಾ ಮಾತ್ರೆ ತಗೊಂಡು ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗಿ ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಬೇರೆಯವರಿಗೆ ಅದು ಹರಡುವುದೇ ಇಲ್ಲ. ಗರ್ಭಿಣಿಗೆ ಸಕಾಲಕ್ಕೆ ಚಿಕಿತ್ಸೆ ಸಿಕ್ಕರೆ ಮಗು ಸೋಂಕಿಲ್ಲದೆ ಹುಟ್ಟುವುದು ಬಹುತೇಕ ಖಚಿತ. ಇಷ್ಟೆಲ್ಲ ಒಂದು ಟ್ಯಾಂಕ್ ಪೆಟ್ರೋಲಿಗೆ ನಿಂತುಹೋಗಬಾರದು ಅಂತ ನಮಗೆ ಅನಿಸಿತು.

ನೀವು ಕೊಡುವ ದುಡ್ಡಿನಿಂದ ಪೆಟ್ರೋಲ್ ಕಾರ್ಡ್, ಫೋನ್ ರೀಚಾರ್ಜ್, ದಾರಿಯ ಊಟ, ಮಗು ನೋಡಿಕೊಳ್ಳುವವರ ಖರ್ಚು ನಡೆಯುತ್ತದೆ. ಹಂಚುವವರು ಆ ಸಮುದಾಯದವರೇ ಆದ ಆರೋಗ್ಯ ಕಾರ್ಯಕರ್ತೆಯರು. ಯಾರಿಗೆ ಕೊಟ್ಟರು ಅಂತ ನಾವು ಕೇಳುವುದಿಲ್ಲ, ನೀವೂ ಕೇಳಬೇಡಿ. ಫೋಟೋ ಕೂಡ ಕಳಿಸುವುದಿಲ್ಲ. ಎಷ್ಟು ಬಂತು, ಯಾವುದಕ್ಕೆ ಎಷ್ಟು ಹೋಯಿತು ಅನ್ನುವ ಲೆಕ್ಕ ಮಾತ್ರ ಪ್ರತಿ ಮೂರು ತಿಂಗಳಿಗೆ ಬರುತ್ತದೆ.

ಐದು ಡಾಲರ್ ಆದರೂ ಸರಿ. ಇ-ಟ್ರಾನ್ಸ್‌ಫರ್ ಮಾಡಿ, ವಿವರ ಖಜಾಂಚಿಯವರ ಹತ್ತಿರ ಇದೆ. ನಮ್ಮದು ನೋಂದಾಯಿತ ಚಾರಿಟಿ ಅಲ್ಲ, ಹಾಗಾಗಿ ತೆರಿಗೆ ರಸೀದಿ ಕೊಡಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇವೆ.