ಗರ್ಭಕೋಶ ತೆಗೆಯುವ ಮುನ್ನ ಉಳಿದ ದಾರಿಗಳನ್ನೂ ಹೇಳಲಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಫೈಬ್ರಾಯ್ಡ್’ ಅಂತ ಬರೆದಿದ್ದರೆ ಸಾಕು, ಮನೆಮಂದಿಗೆಲ್ಲ ಎದೆ ಧಸಕ್ಕೆನ್ನುತ್ತದೆ. ಗಡ್ಡೆ ಅಂದಮೇಲೆ ಕ್ಯಾನ್ಸರೇ ಇರಬೇಕು ಅನ್ನೋ ಭಯ. ಆ ಹೊತ್ತಲ್ಲೇ ಡಾಕ್ಟರು “ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ” ಎಂದರೆ ಯಾರು ತಾನೇ ಎದುರು ಮಾತಾಡುತ್ತಾರೆ?

ಫೈಬ್ರಾಯ್ಡ್ ಅಂದರೆ ಗರ್ಭಕೋಶದ ಸ್ನಾಯುವಿನಲ್ಲೇ ಬೆಳೆಯುವ ಗಡ್ಡೆ. ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ. 50 ವರ್ಷ ತುಂಬುವಷ್ಟರಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಂಗಸರಲ್ಲಿ ಇದು ಇರುತ್ತದೆ. ಬಹಳಷ್ಟು ಜನರಿಗೆ ಗೊತ್ತೇ ಆಗುವುದಿಲ್ಲ. ತೊಂದರೆ ಕೊಡದಿದ್ದರೆ ಆಗಾಗ ನೋಡಿಸಿಕೊಂಡು ಸುಮ್ನೆ ಬಿಡಬಹುದು. ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ತಾನೇ ಕುಗ್ಗುತ್ತದೆ.

ತೊಂದರೆ ಕೊಡುವ ಗಡ್ಡೆಯ ಕಥೆ ಬೇರೆ. ಗಂಟೆಗೊಂದು ಪ್ಯಾಡ್. ಕುರ್ಚಿಯಿಂದ ಎದ್ದಾಗಲೆಲ್ಲ ಕಲೆಯಾಗಿದೆಯಾ ಅಂತ ಹಿಂದೆ ತಿರುಗಿ ನೋಡಬೇಕು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. 12 ಇರಬೇಕಾದ ಹಿಮೋಗ್ಲೋಬಿನ್ 7ಕ್ಕೆ ಇಳಿದದ್ದೂ ಉಂಟು. ಇಲ್ಲಿ ಗಾತ್ರಕ್ಕಿಂತ ಜಾಗ ಮುಖ್ಯ. ಒಳಪದರದತ್ತ ಚಾಚಿಕೊಂಡ ಸಣ್ಣ ಗಡ್ಡೆಯೂ ವಿಪರೀತ ರಕ್ತಸ್ರಾವ ಮಾಡಿಸುತ್ತದೆ. ಹೊರಗೋಡೆಯದು ದೊಡ್ಡದಾದರೂ ಸ್ರಾವ ಹೆಚ್ಚಿಸದೇ ಇರಬಹುದು. (ಮೂತ್ರಕೋಶ ಒತ್ತಿ ರಾತ್ರಿಯೆಲ್ಲ ಎಬ್ಬಿಸುತ್ತದೆ, ಆ ಮಾತು ಬೇರೆ.)

ಇದಕ್ಕೆ ದಾರಿಗಳು ಹಲವು. ಮುಟ್ಟಿನ ದಿನಗಳಲ್ಲಷ್ಟೇ ನುಂಗುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆಯಿಂದಲೇ ಎಷ್ಟೋ ಜನರಿಗೆ ಸ್ರಾವ ಕಡಿಮೆಯಾಗುತ್ತದೆ. ಗರ್ಭಕೋಶದೊಳಗೆ ಹಾರ್ಮೋನ್ ಇರುವ ವಂಕಿ (ಕಾಪರ್-ಟಿಯಂಥ ಪುಟ್ಟ ಸಾಧನ) ಹಾಕಿಸಬಹುದು. ಗರ್ಭಕೋಶ ಉಳಿಸಿ ಗಡ್ಡೆ ಮಾತ್ರ ತೆಗೆಯಬಹುದು. ಗಡ್ಡೆಗೆ ಹೋಗುವ ರಕ್ತನಾಳ ಮುಚ್ಚಿ ಕುಗ್ಗಿಸಬಹುದು. ಎಲ್ಲವೂ ಎಲ್ಲರಿಗೂ ಆಗಿಬರುವುದಿಲ್ಲ, ನಿಜ. ಆದರೆ ಇವು ಇವೆ ಅಂತಾದರೂ ಹೇಳಬೇಕಲ್ವಾ?

ಗರ್ಭಕೋಶ ತೆಗೆಸುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಗಡ್ಡೆ ಮತ್ತೆ ಬರಲೇಬಾರದು ಎಂದರೆ ಅದೇ ಖಚಿತ ದಾರಿ. ಎಲ್ಲ ತಿಳಿದು ಅದನ್ನೇ ಆರಿಸಿಕೊಂಡು ನೆಮ್ಮದಿಯಾಗಿರುವವರಿದ್ದಾರೆ. ನನ್ನ ತಕರಾರು ಕೇಳದೇ, ಹೇಳದೇ ತೆಗೆಯುವುದರ ಬಗ್ಗೆ. ಅದರಲ್ಲೂ ಜೊತೆಗೆ ಅಂಡಾಶಯಗಳನ್ನೂ ತೆಗೆದುಬಿಟ್ಟರೆ 35ರ ಹೆಂಗಸಿಗೂ ಏಕಾಏಕಿ ಮುಟ್ಟು ನಿಂತಂತೆ. ಮೂಳೆ ಸವೆತ, ಹೃದಯದ ಕಾಯಿಲೆಯ ಅಪಾಯ ಬೇಗ ಬೆನ್ನು ಹತ್ತುತ್ತದೆ.

ಹಾಗಾಗಿ ಸರ್, ಮಾತ್ರೆ, ವಂಕಿ ಎರಡೂ ಸರ್ಕಾರಿ ಆಸ್ಪತ್ರೆಗಳಲ್ಲಿ ತಪ್ಪದೇ ಸಿಗುವಂತೆ ಮಾಡಿ. ಗಡ್ಡೆಯಿರುವ ಹೆಂಗಸಿಗೆ ಇರುವ ದಾರಿಗಳೇನು, ಅಂಡಾಶಯ ತೆಗೆಯುವುದಾದರೆ ಯಾಕೆ ಎಂದು ಆಕೆಯ ಭಾಷೆಯಲ್ಲೇ ಬರೆದ ಒಂದು ಹಾಳೆ ಕಡ್ಡಾಯವಾಗಲಿ. ಅದನ್ನು ಸಹಿ ಹಾಕಿಸುವ ದಿನವಲ್ಲ, ಆಪರೇಷನ್ನಿಗೆ ದಿನ ಗೊತ್ತು ಮಾಡುವ ಮುಂಚೆಯೇ ಕೈಗೆ ಕೊಡಿಸಿ.

ಇತಿ,
ಒಬ್ಬ ನಾಗರಿಕಳು