ಕೆರಿ ಹೂಳ ಎತ್ತೂ ಮುಂಚೆ ಒಂದು ಪೈಪ್ ಮಣ್ಣು ತಗದಿಡ್ರಿ

ಸಂಪಾದಕರಿಗೆ ನಮಸ್ಕಾರ.

ಬ್ಯಾಸಿಗಿ ಬಂತಂದ್ರ ನಮ್ಮ ಗದಗ ಜಿಲ್ಲಾದಾಗ ಎರಡು ಸುದ್ದಿ ತಪ್ಪಂಗಿಲ್ರಿ. ಒಂದು ಕಪ್ಪತಗುಡ್ಡಕ್ಕ ಬೆಂಕಿ ಬಿತ್ತು ಅನ್ನೋದು, ಇನ್ನೊಂದು ಇಂಥಾ ಊರಾಗ ಕೆರಿ ಹೂಳೆತ್ತೋ ಕೆಲಸ ಚಾಲೂ ಆತು ಅನ್ನೋದು. ಪೇಪರ್‌ನ್ಯಾಗ ಎರಡೂ ಬ್ಯಾರೆ ಬ್ಯಾರೆ ಪುಟದಾಗ ಬರ್ತಾವ, ಆದ್ರ ಇವೆರಡಕ್ಕೂ ಭಾಳ ಹತ್ರದ ಸಂಬಂಧ ಐತಿ. ಗುಡ್ಡಕ್ಕ ಹಿಂದ ಯಾವ್ಯಾವ ಕಾಲದಾಗ ಎಷ್ಟು ಬೆಂಕಿ ಬಿದ್ದಿತ್ತು, ಆಗ ಮಳಿ ಹೆಂಗಿತ್ತು ಅನ್ನೋ ಲೆಕ್ಕ ಆ ಹೂಳಿನಾಗೇ ಕುಂತೈತಿ, ನಾವು ಅದನ್ನ ಹಿಟಾಚಿ ಹಚ್ಚಿ ತಗದು ಟಿಪ್ಪರ್ ತುಂಬಿ ಕಳಿಸಾಕತ್ತೀವಿ.

ಹೂಳ ಎತ್ತಬ್ಯಾಡ್ರಿ ಅಂತ ನಾ ಹೇಳಾಕತ್ತಿಲ್ಲ. ಕೆರ್‍ಯಾಗ ನೀರು ನಿಲ್ಲಬೇಕು, ಕೆರಿಗೋಡು ಹೊಲಕ್ಕ ಬಿದ್ರ ಬೆಳಿ ಚಲೋ ಬರ್ತೈತಿ, ನಮ್ಮ ಹಿರ್‍ಯಾರು ಚಕ್ಕಡಿ ಹೂಡಿ ಅದನ್ನೇ ಮಾಡ್ತಿದ್ರು. ನಾ ಕೇಳೂದು ಇಷ್ಟ, ಮಷೀನ್ ಇಳಿಸೂ ಮುಂಚೆ ಕೆರಿ ಭಾಳ ಆಳ ಇದ್ದಲ್ಲಿ ಒಂದು ಪೈಪ್ ಉದ್ದದ ಮಣ್ಣು ಕಲಸದಂಗ ತಗದಿಟ್ಟು ಆಮ್ಯಾಲೆ ಏನರ ಮಾಡ್ರಿ.

ಹೂಳ ಕಡದ ಹೊಸಾ ಗೋಡಿ ಹತ್ರ ನಿಂತು ನೋಡ್ರಿ ಒಮ್ಮೆ. ಮ್ಯಾಲ ಬೂದಿ ಬಣ್ಣದ ಜಿಗಟು ಮಣ್ಣು, ಕೆಳಗ ಒಂದು ಬೆರಳು ದಪ್ಪ ಉಸುಕಿನ ಗೆರಿ, ಮತ್ತ ಕರೀ ಎರಿಮಣ್ಣು, ನಡುನಡುವ ಬಸವನಹುಳದ ಬಿಳೇ ಚಿಪ್ಪು. ಉಸುಕಿನ ಗೆರಿ ಅಂದ್ರ ಜೋರು ಮಳಿ ಬಂದು ಹಳ್ಳ ಉಕ್ಕಿ ಹರದಿದ್ದು ಇರಬಹುದು. ಕಣ್ಣು ಸಣ್ಣ ಮಾಡಿ ನೋಡಿದ್ರ ಅಲ್ಲಲ್ಲಿ ಸಾಸಿವಿಗಿಂತ ಸಣ್ಣ ಕರೀ ಚುಕ್ಕಿ ಸಿಗ್ತಾವ, ಉಗುರಿಂದ ಕೆರದು ಬೆರಳಾಗ ತಿಕ್ಕಿದ್ರ ಪುಡಿ ಆಗಿ ಕಾಡಿಗಿ ಹಚ್ಚಿದಂಗ ಮಸಿ ಹತ್ತತಿದ್ರ ಅದು ಇದ್ದಿಲು. ಯಾವಾಗೋ ಸುಟ್ಟ ಹುಲ್ಲು, ಗಿಡ, ಗಾಳಿಗಿ ಹಾರಿ ಇಲ್ಲಾ ಮಳಿ ನೀರಿಗಿ ಹರದು ಬಂದು ಕೆರಿ ತಳಕ್ಕ ಕುಂತಿದ್ದು. ಇದ್ದಿಲು ಸುಲಭಕ್ಕ ಕೊಳಿಯಂಗಿಲ್ಲ, ಸಾವಿರಾರು ವರ್ಷ ಹಂಗ ಇರ್ತೈತಿ.

ವಿಜ್ಞಾನಿಗಳು ಈ ಮಣ್ಣನ್ನ ಅರ್ಧ ಸೆಂಟಿಮೀಟರ್, ಒಂದು ಸೆಂಟಿಮೀಟರ್ ಲೆಕ್ಕದಾಗ ಹೋಳು ಮಾಡಿ, ತೊಳದು, ಸಣ್ಣ ಜರಡಿ ಹಿಡದು, ಉಳದ ಇದ್ದಿಲ ಚೂರನ್ನ ಮೈಕ್ರೋಸ್ಕೋಪ್ ಕೆಳಗ ಒಂದೊಂದ ಎಣಸ್ತಾರ. ದೊಡ್ಡ ಚೂರು ಭಾಳ ದೂರ ಹಾರಂಗಿಲ್ಲ, ಅದು ಹತ್ತಿರದ ಬೆಂಕಿ. ಸಣ್ಣ ಧೂಳು ದೂರದಿಂದನೂ ಬರ್ತೈತಿ. ಹುಲ್ಲು ಸುಟ್ರ ಚೂರು ಉದ್ದಕ್ಕ ತೆಳ್ಳಗ ಇರ್ತಾವ, ಕಟಗಿ ಸುಟ್ರ ದಪ್ಪ ಚೌಕ ಇರ್ತಾವ, ಹಿಂಗಾಗಿ ಸುಟ್ಟಿದ್ದು ಹುಲ್ಲೋ ಗಿಡವೋ ಅನ್ನೂದು ಒಂದು ಮಟ್ಟಿಗಿ ತಿಳೀತೈತಿ. ಅದ ಮಣ್ಣಿನಾಗ ಹೂವಿನ ಪರಾಗನೂ ಸಿಗ್ತೈತಿ, ಅದರ ಹೊರಗಿನ ಸಿಪ್ಪಿ ಭಾಳ ಗಟ್ಟಿ, ಅದನ್ನ ನೋಡಿ ಸುತ್ತಮುತ್ತ ಆಗ ಎಂಥಾ ಗಿಡಮರ ಇದ್ದೂ ಅಂತ ಹೇಳ್ತಾರ. ವಯಸ್ಸು ಹಿಡಿಯೂದು ರೇಡಿಯೋಕಾರ್ಬನ್‌ನಿಂದ, ಅಂದ್ರ ಸತ್ತ ಗಿಡದಾಗ ಕಾಲ ಹೋದಂಗ ಕಡಿಮಿ ಆಗೋ ಒಂದು ಜಾತಿ ಇಂಗಾಲದಿಂದ, ಅದರ ಅರ್ಧಾಯುಷ್ಯ (ಇದ್ದದ್ದು ಅರ್ಧಕ್ಕ ಇಳಿಯೋ ಕಾಲ) 5730 ವರ್ಷ, ಸುಮಾರು 50 ಸಾವಿರ ವರ್ಷದ ತನಕ ನಡೀತೈತಿ. ಇತ್ತೀಚಿನ ನೂರು ನೂರೈವತ್ತು ವರ್ಷಕ್ಕ ಸೀಸ-210 ಅನ್ನೋ ವಿಕಿರಣದ ಸೀಸ ನೋಡೋ ಬ್ಯಾರೆ ದಾರಿ ಐತಿ. 1963ರ ಸುಮಾರಿಗೆ ಅಣುಬಾಂಬ್ ಪರೀಕ್ಷೆಗಳಿಂದ ಜಗತ್ತಿನ ತುಂಬ ಬಿದ್ದ ಸೀಸಿಯಂ-137 ಅನ್ನೋ ವಿಕಿರಣ ಧಾತು ಕೂಡ ಹೂಳಿನಾಗ ಒಂದು ಗುರ್ತು ಬಿಟ್ಟಿರ್ತೈತಿ.

ನಮ್ಮ ದೇಶದಾಗ ಇದು ಹೊಸಾದಲ್ರಿ. 1970ರ ದಶಕದಾಗ ಗುರ್‌ದೀಪ್ ಸಿಂಗ್ ಅನ್ನೋ ವಿಜ್ಞಾನಿ ಮತ್ತ ಅವರ ಜೋಡಿಯವರು ರಾಜಸ್ಥಾನದ ಸಾಂಭರ್, ಡಿಡ್ವಾನಾ, ಲೂಣಕರಣಸರ್ ಉಪ್ಪಿನ ಕೆರಿಗಳ ಕೆಸರಿನಾಗಿನ ಪರಾಗ ನೋಡಿ ಅಲ್ಲಿಯ ಹಳೇ ಹವಾಮಾನದ ಕತಿ ಬಿಚ್ಚಿದ್ರು. ಇವತ್ತು ಮರುಭೂಮಿ ಅನ್ನೋ ಜಾಗದಾಗ ಒಂದು ಕಾಲಕ್ಕ ಕೆರಿ ತುಂಬಿ ನಿಂತಿದ್ದೂ.

ಕಪ್ಪತಗುಡ್ಡದ ಮಟ್ಟಿಗೆ ಇದು ಯಾಕ ಬೇಕು ಅಂದ್ರ, ಬೆಂಕಿ ಅಂದಕೂಡ್ಲೇ ನಾವೆಲ್ಲಾ ಬರಗಾಲ ಅಂತೀವಿ, ದಟ್ಟ ಕಾಡಿನಾಗ ಅದು ಖರೆ, ಅಲ್ಲಿ ಒಣಗಿದ್ರಷ್ಟ ಬೆಂಕಿ ಹತ್ತೂದು. ಆದ್ರ ನಮ್ಮಂಥಾ ಒಣ ಹುಲ್ಲುಗಾವಲದಾಗ ಸುಡಾಕ ಮೊದಲು ಹುಲ್ಲು ಬೆಳೀಬೇಕಲ್ರಿ. ಮಳಿ ಚಲೋ ಆದ ವರ್ಷ ಹುಲ್ಲು ಎದಿಮಟ ಬೆಳದು, ಮುಂದಿನ ಬ್ಯಾಸಿಗ್ಯಾಗ ಅದು ಒಣಗಿದಾಗ ಬೆಂಕಿ ಜಾಸ್ತಿ. ಪೂರಾ ಬರ ಬಿದ್ರ ಸುಡಾಕ ಏನೂ ಇರಂಗಿಲ್ಲ. ಹಂಗಾಗಿ ಇದ್ದಿಲು ಹೆಚ್ಚು ಸಿಕ್ಕ ಪದರ ಬರಗಾಲದ್ದು ಅಂತ ಸುಮ್ನ ಹೇಳಾಕ ಬರಂಗಿಲ್ಲ, ಪರಾಗನೂ ನೋಡಬೇಕು, ಉಸುಕೂ ನೋಡಬೇಕು. ಗುಡ್ಡಕ್ಕ ಬೆಂಕಿ ಹಚ್ಚೂದು ಇವತ್ತು ಮನಶ್ಯಾನ, ಅದು ನಿಲ್ಲಬೇಕು, ಅದರಾಗ ಎರಡು ಮಾತಿಲ್ಲ. ಆದ್ರ ಈ ಹುಲ್ಲುಗುಡ್ಡ ನೂರಾರು ವರ್ಷದಿಂದ ಎಷ್ಟು ಬೆಂಕಿ ತಡಕೊಂಡು ಬಂದೈತಿ, ಈಗ ಅದಕ್ಕಿಂತ ಹೆಚ್ಚಾಗೇತೋ ಏನು ಅನ್ನೂದು ಗೊತ್ತಿಲ್ಲದ ಅಲ್ಲಿ ಸಿಕ್ಕಾಪಟ್ಟೆ ಗಿಡ ಹಚ್ಚೂದು, ಬೆಂಕಿರೇಖೆ (ಬೆಂಕಿ ದಾಟದಂಗ ಹುಲ್ಲು ತಗದ ಪಟ್ಟಿ) ಎಳಿಯೂದು ಕಣ್ಣು ಕಟ್ಟಿ ಮಾಡೋ ಕೆಲಸ ಆಗ್ತೈತಿ. 2019ರಾಗ ವನ್ಯಜೀವಿ ಧಾಮ ಅಂತ ಘೋಷಣೆ ಆದ ಗುಡ್ಡ ಅದು, ಅಷ್ಟರ ತಿಳಕೊಂಡು ಕಾಯಬೇಕು.

ನಮ್ಮ ಕೆರಿ ಹೆಚ್ಚಿನವು ಒಡ್ಡು ಕಟ್ಟಿ ಮಾಡಿದ್ದು, ಹಂಗಾಗಿ ಲೂಣಕರಣಸರ್‌ದಷ್ಟು ಹಿಂದಿನ ಲೆಕ್ಕ ಸಿಗಂಗಿಲ್ಲ, ಒಡ್ಡು ಕಟ್ಟಿದ್ದ ಕಾಲದಿಂದ ಈಚೆಗಷ್ಟ. ಅದೂ ಕಡಿಮಿ ಏನಲ್ಲ. 1791-92ರ ಡೋಗಿ ಬರ, 1876-78ರ ದೊಡ್ಡ ಬರ ಎರಡೂ ನಮ್ಮ ಧಾರವಾಡ ಸೀಮಿ ಮಂದಿನ್ನ ಸಾಲುಗಟ್ಟಲೆ ಕೊಂದಾವ, ಆ ವರ್ಷಗಳ ಹೂಳಿನಾಗ ಏನೈತಿ ಅಂತ ನೋಡೋ ಹಕ್ಕು ನಮ್ಮ ಮಕ್ಕಳಿಗೆ ಇಲ್ಲೇನು? ಆದ್ರ ಪದೇ ಪದೇ ಹೂಳೆತ್ತಿದ ಕೆರ್‍ಯಾಗ ಪದರ ಮ್ಯಾಲ ಕೆಳಗ ಆಗಿರ್ತಾವ, ಅಲ್ಲಿ ಏನೂ ಸಿಗಂಗಿಲ್ಲ. ಹಂಗಾಗಿ ಇನ್ನೂ ಮಷೀನ್ ಕಾಣದ ಕೆರಿ ಯಾವು ಉಳದಾವ ಅನ್ನೂದನ್ನ ಈಗಲೇ ಪಟ್ಟಿ ಮಾಡಬೇಕು, ಗುಡ್ಡದ ಮಗ್ಗಲ ಡಂಬಳದ ಕೆರಿಯಿಂದ ಹಿಡದು ಹಾವೇರಿ ಕಡೆ ಹೆಗ್ಗೇರಿ ತನಕ ಎಲ್ಲಾ ನೋಡಬೇಕು. 2024ರಾಗ ರಾಮ್ಸರ್ ಪಟ್ಟಿ (ಜಗತ್ತಿನ ಮಹತ್ವದ ಜೌಗು-ಕೆರಿಗಳ ಪಟ್ಟಿ) ಸೇರಿದ ಮಾಗಡಿ ಕೆರ್‍ಯಾಗಂತೂ ಬಾತುಗಳು ಬಂದು ಇಳಿಯೋ ಚಳಿಗಾಲ ಬಿಟ್ಟು, ಒಂದು ಪೈಪಿನಷ್ಟ ಕೆಲಸ ಪರ್ಮಿಷನ್ ತಗೊಂಡು ಮಾಡಬೇಕು.

ಇದಕ್ಕ ದೊಡ್ಡ ಯೋಜನಾ ಏನೂ ಬೇಕಾಗಿಲ್ಲ. ಪೈಪ್ ನೆಟ್ಟಗ ಇಳಿಸಿ, ಎತ್ತಿ, ಎರಡೂ ಬಾಯಿಗೆ ಮುಚ್ಚಳ ಹಾಕಿ, ಮ್ಯಾಲಿನ ತುದಿ ಯಾವುದು ಅಂತ ಮಾರ್ಕರ್‌ಲೇ ಬರದು, ಜಾಗದ ಜಿಪಿಎಸ್ ಹಚ್ಚಿ, ತಂಪು ಕತ್ತಲ ಕೋಣ್ಯಾಗ ಇಡೂದು. ಧಾರವಾಡದಾಗ ಕರ್ನಾಟಕ ವಿಶ್ವವಿದ್ಯಾಲಯ ಐತಿ, ಕೃಷಿ ವಿಶ್ವವಿದ್ಯಾಲಯ ಐತಿ, ಲಖನೌದಾಗ ಬೀರಬಲ್ ಸಾಹನಿ ಸಂಸ್ಥೆ ಇಂಥಾ ಕೆಲಸಕ್ಕ ಹೆಸರಾಗೇತಿ. ಎಣಸೋ ಕೆಲಸ ಮುಂದ ಹತ್ತು ವರ್ಷ ಬಿಟ್ಟು ಆದ್ರೂ ನಡೀತೈತಿ, ಮಣ್ಣು ಉಳದಿರಬೇಕಷ್ಟ. ಹೂಳೆತ್ತೋ ಎಸ್ಟಿಮೇಟ್‌ದಾಗ ಈ ಒಂದು ಪೈಪಿನ ಖರ್ಚು ಸೇರಿಸ್ರಿ ಅಂತ ಗದಗ, ಹಾವೇರಿ, ಧಾರವಾಡ ಮೂರೂ ಜಿಲ್ಲಾದ ಜಿಲ್ಲಾಧಿಕಾರಿಗಳನ್ನ, ಪಂಚಾಯತಿಯವರನ್ನ ಕೈಮುಗದು ಕೇಳ್ಕೋತೀನಿ. ಈ ಬ್ಯಾಸಿಗಿ ಟೆಂಡರ್ ಆಗೂ ಮುಂಚೆನ ಆಗಬೇಕು.

ಇಂತಿ ನಿಮ್ಮ ಓದುಗ,
ಗದಗ