ಮುಳ್ಳುಸೌತೆ ಬೀಜದ ಪೊಟ್ಟಣದಲ್ಲಿ ಈ ವರ್ಷದಿಂದ ಬದಲಾವಣೆ

ಪ್ರಿಯ ಬೆಳೆಗಾರರೇ,

ನಮಸ್ಕಾರ. ಮಳೆಗಾಲದ ಹೊಸ್ತಿಲಲ್ಲಿ ಬರುವ ಪತ್ತನಾಜೆಗೆ ಮೊದಲು ಬದಿಯಡ್ಕದ ನಮ್ಮ ಮಳಿಗೆಗೆ ಬರುವವರಿಗೆ ಈ ಸಲ ಮುಳ್ಳುಸೌತೆ ಪೊಟ್ಟಣದ ಮೇಲೆ ಕಾಯಿಯ ಚಿತ್ರ ಕಾಣಿಸದು. ಹಲವು ಬಳ್ಳಿಗಳ ಬೀಜವನ್ನು ಬೆರೆಸಿ ಕೊಡಲಿದ್ದೇವೆ; ಒಳಗಿನ ಬೀಜ ಯಾವ ಬಣ್ಣದ, ಎಷ್ಟು ಉದ್ದದ ಕಾಯಿ ಕೊಡುತ್ತದೆಂದು ಇನ್ನು ನಾವು ಮಾತು ಕೊಡುವಂತಿಲ್ಲ.

ಆರು ವರ್ಷಗಳಿಂದ ಅತಿ ಚೆಂದದ ಕಾಯಿ ಬಿಟ್ಟ ಒಂದೆರಡು ಬಳ್ಳಿಗಳಿಂದ ಮಾತ್ರ ಬೀಜ ತೆಗೆಯುತ್ತಿದ್ದೆವು. ತಿಳಿಹಸಿರು ಬಣ್ಣ, ಗೇಣುದ್ದ, ಎಲ್ಲವೂ ಒಂದೇ ಅಳತೆ. ಪೇಟೆಯವರೂ ಅದನ್ನೇ ಕೇಳುತ್ತಿದ್ದರು. ಕಳೆದ ಆಟಿ ತಿಂಗಳ ಮಳೆಯಲ್ಲಿ ಬೂಜು ತುಪ್ಪಟ ರೋಗ ಬಂತು. ಎಲೆಯ ಮೇಲೆ ಹಳದಿ ಚುಕ್ಕೆ, ಅಡಿಯಲ್ಲಿ ಬೂದುಬಣ್ಣದ ಬೂಜು. ಎರಡು ವಾರಗಳಲ್ಲಿ ಚಪ್ಪರಗಳೇ ಒಣಗಿದವು. ಎಲ್ಲವೂ ಒಂದೇ ತಾಯಿಯ ಮಕ್ಕಳು. ಒಂದು ತಾಳದ್ದನ್ನು ಇನ್ನೊಂದೂ ತಾಳಲಿಲ್ಲ. ನಿಮ್ಮಲ್ಲಿ ಹಲವರ ಮಳೆಗಾಲದ ದುಡಿಮೆ ಹೋಯಿತು. ತಪ್ಪು ನಮ್ಮ ಆಯ್ಕೆಯದು, ಕ್ಷಮಿಸಬೇಕು.

ಅದೇ ಮಳೆಯಲ್ಲಿ ಪೆರ್ಲದ ಕಡೆಯ ಅಜ್ಜಿಯೊಬ್ಬರ ಅಂಗಳದಲ್ಲಿ, ಸೆಗಣಿಯೊಂದಿಗೆ ಗೋಡೆಗೆ ಮೆತ್ತಿಟ್ಟಿದ್ದ ಬೀಜದ ಬಳ್ಳಿಗಳಿದ್ದವು. ಕಾಯಿಗಳು ಗಿಡ್ಡ, ಬಣ್ಣ ಒಂದರಂತೆ ಒಂದಿಲ್ಲ. ಹಲವು ಬಳ್ಳಿಗಳು ಸತ್ತವು. ಉಳಿದವು ಮುಂದಿನ ಸೋಣ ತಿಂಗಳವರೆಗೂ ಕಾಯಿ ಕೊಟ್ಟವು. ಆ ಚಪ್ಪರದಡಿ ನಿಂತಾಗಲೇ ಈ ನಿರ್ಧಾರ ಗಟ್ಟಿಯಾಯಿತು.

ಇಂಥ ಬಗೆಬಗೆಯ ಬೀಜದಲ್ಲಿ ರೋಗ ತಾಳುವ ಗುಣ ಅಡಗಿರಬಹುದೆಂಬುದು ತಳಿ ಅಭಿವೃದ್ಧಿ ಮಾಡುವವರಿಗೆ ಹೊಸತಲ್ಲ. ಭಾರತದಿಂದ ಅಮೆರಿಕಕ್ಕೆ ಹೋಗಿ ಅಲ್ಲಿನ ಬೀಜ ಸಂಗ್ರಹದಲ್ಲಿ ಪಿ.ಐ. 197087 ಎಂಬ ಸಂಖ್ಯೆ ಪಡೆದ ಮುಳ್ಳುಸೌತೆಯೊಂದಿದೆ. ಬೂಜು ತುಪ್ಪಟವನ್ನು ತಡೆಯುವ ಅದರ ಗುಣವನ್ನು ಅಲ್ಲಿನ ತಳಿಗಳಿಗೆ ಸೇರಿಸಿದರು. 1966ರಲ್ಲಿ ಬಂದ ಪಾಯಿನ್‌ಸೆಟ್ ಅಂಥದ್ದು. ದಶಕಗಳ ಕಾಲ ಆ ಗುಣ ಅಲ್ಲಿನ ಬೆಳೆಯನ್ನು ಕಾಯಿತು. 2004ರಲ್ಲಿ ರೋಗಾಣು ಹೊಸ ರೂಪದಲ್ಲಿ ಬಂದಾಗ ಮತ್ತೆ ಇಂಥ ಸಂಗ್ರಹಗಳಲ್ಲೇ ಹುಡುಕಬೇಕಾಯಿತು. ನಮ್ಮ ಕಡೆಯ ಗೋಡೆಗಳ ಮೇಲಿರುವ ಬೀಜ ಎಷ್ಟು ದೊಡ್ಡ ಆಸ್ತಿ ಎಂಬುದನ್ನು ನೆನೆದರೆ, ಅದನ್ನು ಅಂದಕ್ಕಾಗಿ ಸೋಸಿಬಿಟ್ಟೆವಲ್ಲ ಎಂದು ಸಂಕಟವಾಗುತ್ತದೆ.

ಇನ್ನು ಮುಂದೆ ಕನಿಷ್ಠ ನಲವತ್ತು ಬಳ್ಳಿಗಳಿಂದ ತಲಾ ಒಂದು ಹಣ್ಣಿನ ಬೀಜ ತೆಗೆದು ಸಮಪಾಲಿನಲ್ಲಿ ಬೆರೆಸುತ್ತೇವೆ. ಎಳೆಗಾಯಿ ಕಹಿಯಾದ ಬಳ್ಳಿಯನ್ನು ಮಾತ್ರ ಕಿತ್ತುಹಾಕುತ್ತೇವೆ. ಬೆಲೆ ಮೊದಲಿನದೇ. ಹೋಟೆಲುಗಳಿಗೆ ಒಂದೇ ಅಳತೆಯ ಕಾಯಿ ಕೊಡುವವರಿಗೆ ಇದರಿಂದ ತೊಂದರೆಯಾಗುತ್ತದೆ, ಬಲ್ಲೆವು. ಹಳೆಯ ಬೀಜ ಸ್ವಲ್ಪ ಉಳಿದಿದೆ, ಕೇಳಿದರೆ ಕೊಡುತ್ತೇವೆ. ಇಡೀ ಚಪ್ಪರಕ್ಕೆ ಅದೊಂದನ್ನೇ ಹಾಕಬೇಡಿ.

ಒಂದು ಕೋರಿಕೆಯಿದೆ. ಈ ಮಳೆಯಲ್ಲಿ ರೋಗ ಬಂದೂ ಉಳಿದ ಬಳ್ಳಿಯ ಒಂದು ಹಣ್ಣನ್ನು ನಮಗೆ ತಂದುಕೊಡಿ. ಬದಲಿಗೆ ಮುಂದಿನ ವರ್ಷದ ಪೊಟ್ಟಣ ಉಚಿತ. ಪಕ್ಕದಲ್ಲಿ ಸಾಂಬಾರಿನ ಸೌತೆ ಇದ್ದರೆ ಬೀಜ ಕೆಡುತ್ತದೆಯೇ ಎಂದು ಹಲವರು ಕೇಳುತ್ತಾರೆ. ಇಲ್ಲ. ಅದು ಕರಬೂಜದ ಜಾತಿ, ಅದಕ್ಕೆ 24 ವರ್ಣತಂತುಗಳು, ಮುಳ್ಳುಸೌತೆಗೆ 14. ಜೇನುನೊಣ ಎಷ್ಟು ಓಡಾಡಿದರೂ ಅವೆರಡು ಬೆರೆಯುವುದಿಲ್ಲ. ಹೈಬ್ರಿಡ್ ಮುಳ್ಳುಸೌತೆ ಹತ್ತಿರವಿದ್ದರೆ ಬೆರೆಯುತ್ತದೆ; ಹಣ್ಣು ತರುವಾಗ ಅದನ್ನು ಮರೆಯದೆ ತಿಳಿಸಿ.

ಕಾರ್ಯದರ್ಶಿ,
ಬೀಜ ಸಹಕಾರಿ ಕೂಟದ ಪರವಾಗಿ